ನಿಮ್ಮಪ್ಪಗ ಹೇಳು

(ಮನೆಮಂದಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಕೌಟುಂಬಿಕ ಚಿಕಿತ್ಸೆ ನನ್ನ ಕೆಲಸ. ಅದರ ಬಗ್ಗೆ ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು. ಮನೆಗಳ ಗುರುತು ಸಿಗಬಾರದು ಅಂತ ಊರು, ವಯಸ್ಸು, ಕಸುಬು ಬದಲಿಸಿದ್ದೇನೆ. ಕೆಲವು ಕಡೆ ಎರಡು ಮನೆಯ ಸಂಗತಿ ಸೇರಿಸಿ ಒಂದು ಮಾಡಿದ್ದೇನೆ.)

ಒಬ್ಬ ಹುಡುಗನಿಂದ ಶುರು ಮಾಡುತ್ತೇನೆ. ಹನ್ನೊಂದು ವರ್ಷ. ಹೊಟ್ಟೆನೋವು. ಅದೂ ಸೋಮವಾರ ಬೆಳಿಗ್ಗೆ ಮಾತ್ರ. ಊರಿನ ಡಾಕ್ಟರು ಗುಳಿಗೆ ಕೊಟ್ಟರು. ಬಾಗಲಕೋಟೆಗೆ ಬಂದು ಸ್ಕ್ಯಾನಿಂಗ್ ಮಾಡಿಸಿದರು, ಏನೂ ಇಲ್ಲ ಅಂತ ಬಂತು. ದೃಷ್ಟಿ ತೆಗೆಸಿದರು, ಹರಕೆ ಹೊತ್ತರು. ಸಾಲಿ ತಪ್ಪಿಸಲು ನಾಟಕ ಮಾಡುತ್ತಾನೆ ಅಂತ ಮಾಸ್ತರು ಹೇಳಿದರು. ಕೊನೆಗೆ ಯಾರೋ ಹೇಳಿದರು ಅಂತ ನನ್ನ ಹತ್ತಿರ ಬಂದರು. ಅವ್ವ, ಅಪ್ಪ, ಹುಡುಗ, ಅವನ ಏಳು ವರ್ಷದ ತಂಗಿ. ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೆ ಕರೆದುಕೊಂಡು ಬಂದಿದ್ದರು. ಅದು ನನ್ನ ಪುಣ್ಯ.

ಬಿಸಿಲಲ್ಲಿ ಬಂದಿದ್ದರು. ನೀರಿನ ತಂಬಿಗೆ ಮುಂದೆ ಇಟ್ಟೆ. ಅವ್ವ ಹುಡುಗನ ಕಡೆ ತಿರುಗಿ, "ನಿಮ್ಮಪ್ಪಗ ಹೇಳು, ನೀರ ಕುಡೀರಿ ಅಂತ" ಅಂದರು. ಅಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದಾರೆ. ಹುಡುಗ ಹೇಳಿದ. ಅಪ್ಪ ಹುಡುಗನಿಗೇ, "ನಿಮ್ಮವ್ವಗ ಹೇಳು, ನನಗ ಬ್ಯಾಡ ಅಂತ" ಅಂದರು. ಹುಡುಗ ಅದನ್ನೂ ಹೇಳಿದ.

ನಗುತ್ತಿದ್ದೀರಿ. ನಗುವವರ ಮನೆಯಲ್ಲೂ ಇದು ನಡೆದಿರುತ್ತದೆ, ಅಲ್ವಾ?

ಅಪ್ಪ ಲಾರಿ ಓಡಿಸುತ್ತಾರೆ. ಶನಿವಾರ ರಾತ್ರಿ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಮತ್ತೆ ಹೊರಡಬೇಕು. ನಾನು ಹುಡುಗನನ್ನು ಏನೂ ಕೇಳಲಿಲ್ಲ. ಪಾಪ, ಎಷ್ಟು ಜನ ಕೇಳಿಬಿಟ್ಟಿದ್ದಾರೆ ಅವನನ್ನು! ತಂಗಿಯನ್ನು ಕೇಳಿದೆ. "ಅಣ್ಣಗ ಹೊಟ್ಟಿ ನೋಯಾಕತ್ತಿದ್ರ ಮೊದಲ ಯಾರ ಎದ್ದ ಬರ್ತಾರ?" "ಅವ್ವ." "ಆಮ್ಯಾಲ?" "ಅಪ್ಪ ಗಾಡಿ ತಗೀತಾನ." "ಆಮ್ಯಾಲ?" "ಮೂರೂ ಮಂದಿ ದವಾಖಾನಿಗೆ ಹೊಕ್ಕಾರ. ಬರೂಮುಂದ ಅಪ್ಪಾ ಅವ್ವಾ ಇಬ್ರೂ ಮಾತಾಡ್ಕೋತ ಬರ್ತಾರ."

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಈ ಸಂಗತಿ ಹೇಳಿದ ಕೂಡಲೇ ಕೆಲವರು "ಅಂದ್ರ ನಾಟಕಾನೇ ಆಯ್ತಲ್ಲ" ಅನ್ನುತ್ತಾರೆ. ನೋವು ಖರೇನೇ ಇತ್ತು. ಆದರೆ ಅದು ಆ ಮನೆಯಲ್ಲಿ ಒಂದು ಕೆಲಸ ಮಾಡುತ್ತಿತ್ತು. ವಾರಕ್ಕೊಮ್ಮೆ ಗಂಡ ಹೆಂಡತಿಯನ್ನು ಒಂದೇ ಬೈಕಿನ ಮೇಲೆ ಕೂರಿಸುತ್ತಿತ್ತು.

ನಾನು ತಂಗಿಗೆ ಕೇಳಿದ ಹಾಗೆ, ನೋವಿದ್ದವರನ್ನು ಬಿಟ್ಟು ಪಕ್ಕದವರನ್ನು ಕೇಳುವ ಪದ್ಧತಿ ನಾನು ಕಂಡುಹಿಡಿದದ್ದಲ್ಲ. ಇಟಲಿಯ ಮಿಲಾನ್ ಊರಿನಲ್ಲಿ ಮಾರಾ ಸೆಲ್ವಿನಿ ಪಲಾತ್ಸೋಲಿ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು 1980ರಲ್ಲಿ ಇದನ್ನು ಬರೆದು ತೋರಿಸಿದರು. "ನಿನಗೆ ಏನಾಗುತ್ತಿದೆ" ಅಂತ ಕೇಳಿದರೆ ಬಾಯಿಪಾಠ ಬರುತ್ತದೆ. "ಅವನಿಗೆ ಹೀಗಾದಾಗ ಇವರು ಏನು ಮಾಡುತ್ತಾರೆ" ಅಂತ ಕೇಳಿದರೆ ಮನೆ ಕಾಣುತ್ತದೆ. ಮಕ್ಕಳಂತೂ ಕಂಡದ್ದನ್ನು ಕಂಡಹಾಗೆ ಹೇಳಿಬಿಡುತ್ತಾರೆ.

ಇದಕ್ಕೂ ಹಿಂದೆ ಅಮೆರಿಕದಲ್ಲಿ ಮರ್ರೆ ಬೋವೆನ್ ಎಂಬ ಮನೋವೈದ್ಯರಿದ್ದರು. 1954ರಿಂದ ಐದು ವರ್ಷ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಸ್ಕಿಜೋಫ್ರೇನಿಯಾ ಎಂಬ ದೊಡ್ಡ ಮಾನಸಿಕ ಕಾಯಿಲೆ ಇದ್ದ ರೋಗಿಗಳ ಜೊತೆ ಮೊದಲು ತಾಯಂದಿರನ್ನು, ಆಮೇಲೆ ಅಪ್ಪ, ಅಣ್ಣ ತಮ್ಮಂದಿರನ್ನೂ ವಾರ್ಡಿನಲ್ಲೇ ಇರಿಸಿಕೊಂಡು ತಿಂಗಳುಗಟ್ಟಲೆ ನೋಡಿದರು. ನಮ್ಮ ದೇಶದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಎಂಬುವರು ಇದ್ದರು. ಹಾಸಿಗೆ ಸಾಲದು, ರೋಗಿಗಳು ತುಂಬಿ ತುಳುಕುತ್ತಿದ್ದಾರೆ. ಅವರು ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ರೋಗಿಯ ಜೊತೆ ಇರಲು ಬಿಟ್ಟರು. ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಚೇತರಿಸಿಕೊಂಡು ಊರಿಗೆ ಹೋಗುವುದು ಕಂಡಿತು. ಒಬ್ಬರು ಸಂಶೋಧನೆ ಮಾಡಲು ಹೋಗಿ ಮನೆಯನ್ನು ಕರೆತಂದರು, ಇನ್ನೊಬ್ಬರು ಜಾಗ ಇಲ್ಲದೆ ಕರೆತಂದರು. ನನಗೆ ಎರಡನೆಯವರ ಬಗ್ಗೆ ಪ್ರೀತಿ ಜಾಸ್ತಿ.

ಬೋವೆನ್ ಕಂಡುಕೊಂಡ ಮುಖ್ಯ ಸಂಗತಿ ಒಂದು. ಇಬ್ಬರ ನಡುವೆ ಬಿಸಿ ಏರಿದಾಗ ಅವರು ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತಾರೆ. ತ್ರಿಕೋನ ಅಂತ ಕರೆದರು. ನಮ್ಮ ಹಳೇ ಒಲೆ ನೆನಪು ಮಾಡಿಕೊಳ್ಳಿ. ಎರಡು ಕಲ್ಲಿನ ಮೇಲೆ ಗಡಿಗೆ ನಿಲ್ಲಲ್ಲ, ಮೂರು ಬೇಕು. ಮೂರನೆಯ ಕಲ್ಲು ಬಂದರೆ ಗಡಿಗೆ ನಿಲ್ಲುತ್ತದೆ, ಅಡುಗೆಯೂ ಆಗುತ್ತದೆ. ಆದರೆ ಆ ಕಲ್ಲು ಹನ್ನೊಂದು ವರ್ಷದ ಹುಡುಗ ಆದರೆ ಅವನೂ ಕಾಯುತ್ತಾನಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಿಮ್ಮಲ್ಲಿ ಎಷ್ಟು ಜನ ರಾತ್ರಿಯಿಡೀ ಕೂತು ಪಾರಿಜಾತ ನೋಡಿದ್ದೀರಿ? ಕೈ ಎತ್ತಿ. ಹಿರಿಯರೆಲ್ಲ ಎತ್ತಿದಿರಿ. ಶ್ರೀಕೃಷ್ಣ ಪಾರಿಜಾತ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಆಟ. ಅದರ ಕಥೆ ಏನು? ನಾರದ ಒಂದು ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಮನೆಗೆ ಹೋಗುತ್ತದೆ. ಅಲ್ಲಿಂದ ಬೆಳಗಾಗುವ ತನಕ ಯಾರು ಯಾರ ಜೊತೆ ನೇರ ಮಾತಾಡುತ್ತಾರೆ ನೋಡಿ. ದೂತಿ ಹೋಗುತ್ತಾಳೆ, ದೂತಿ ಬರುತ್ತಾಳೆ. ಸುದ್ದಿ ಹೊತ್ತು ತಿರುಗುವವರದೇ ಆಟ. ನಮ್ಮ ಜನ ಬೋವೆನ್ ಹೆಸರು ಕೇಳುವ ಮೊದಲೇ ತ್ರಿಕೋನವನ್ನು ಹಾರ್ಮೋನಿಯಂ ಇಟ್ಟುಕೊಂಡು ಹಾಡಿದ್ದಾರೆ.

ನನಗೆ ಅದರಲ್ಲಿ ಇಷ್ಟವಾಗುವುದು ಕೊರವಂಜಿಯ ಭಾಗ. ಕೃಷ್ಣನೇ ಕಣಿ ಹೇಳುವ ಕೊರವಂಜಿಯ ವೇಷ ಹಾಕಿಕೊಂಡು ಸತ್ಯಭಾಮೆಯ ಮನೆಗೆ ಬರುತ್ತಾನೆ. ಗಂಡನಾಗಿ ಬಂದಿದ್ದರೆ ಬಾಗಿಲು ಮುಚ್ಚುತ್ತಿತ್ತು. ಕಥೆ ಹೇಳುವವಳಾಗಿ ಬಂದದ್ದಕ್ಕೆ ತೆರೆಯಿತು. ಅಂಗೈ ನೋಡುವ ನೆಪದಲ್ಲಿ ಅವಳ ಮನಸ್ಸಿನದ್ದು ಅವಳ ಬಾಯಿಂದಲೇ ಬರುತ್ತದೆ. ನನ್ನ ಕೆಲಸ ಏನು ಅಂತ ನಮ್ಮ ಓಣಿಯವರು ಕೇಳಿದರೆ, "ಕೊರವಂಜಿ ಕೆಲಸ, ಬುಟ್ಟಿ ಮಾತ್ರ ಇಲ್ಲ" ಅನ್ನುತ್ತೇನೆ.

ಹುಡುಗನ ವಿಷಯಕ್ಕೆ ಬರೋಣ. ನಾನು ಅವನಿಗೆ ಎರಡು ವಾರ ಸೂಟಿ ಕೊಟ್ಟೆ. ಪೋಸ್ಟಮನ್ ಕೆಲಸದಿಂದ ಸೂಟಿ. ಮನೆಯಲ್ಲಿ ಯಾರಾದರೂ "ನಿಮ್ಮಪ್ಪಗ ಹೇಳು" ಅಂದರೆ, "ನಾ ಸೂಟಿಯೊಳಗ ಅದೀನಿ" ಅನ್ನಬೇಕು, ಅಷ್ಟೇ. ಹುಡುಗನಿಗೆ ಭಾರಿ ಖುಷಿ. ಗಂಡ ಹೆಂಡತಿಗೆ ಹೇಳಿದೆ: ಪ್ರೀತಿಯಿಂದ ಮಾತಾಡಿ ಅಂತ ನಾನು ಹೇಳಲ್ಲ, ರೊಟ್ಟಿ ಬಗ್ಗೆ, ನೀರಿನ ಬಗ್ಗೆ, ಲಾರಿ ಯಾವಾಗ ಹೊರಡುತ್ತದೆ ಅನ್ನುವುದರ ಬಗ್ಗೆ ನೇರ ಮಾತಾಡಿ. ಮೊದಲ ವಾರ ಏನಾಯಿತು? ಜಗಳ ಹೆಚ್ಚಾಯಿತು. ಫೋನ್ ಮಾಡಿ, "ಏನ್ರೀ ಮೇಡಮ್, ನೀವು ಹೇಳಿದ್ಹಾಂಗ ಮಾಡಿದ್ರ ಮನಿ ಹತ್ತಿ ಉರಿಯಾಕತ್ತೈತಿ" ಅಂದರು. ಅದು ಹಾಗೇ ಆಗುತ್ತದೆ. ಮೂರನೆಯ ಕಲ್ಲು ತೆಗೆದರೆ ಗಡಿಗೆ ಅಲುಗಾಡಲೇಬೇಕು. ಮೂರು ತಿಂಗಳಿಗೆ ಹೊಟ್ಟೆನೋವು ಬಹಳ ಕಡಿಮೆಯಾಯಿತು. ಪೂರ್ತಿ ಹೋಯಿತು ಅನ್ನಲ್ಲ. ಪರೀಕ್ಷೆ ಹೊತ್ತಿಗೆ ಮತ್ತೆ ಎರಡು ಸಲ ಬಂತು. ಆದರೆ ಅದು ಪರೀಕ್ಷೆಯ ಹೊಟ್ಟೆನೋವು, ಅವನದೇ ಸ್ವಂತದ್ದು.

ಇನ್ನು ಕಥೆಯ ಮಾತಿಗೆ ಬರುತ್ತೇನೆ. ನಾವೆಲ್ಲ ಕನ್ನಡದಲ್ಲಿ ಸಿಟ್ಟಿನ ಬಗ್ಗೆ ಹೇಗೆ ಹೇಳುತ್ತೇವೆ? "ನನಗೆ ಸಿಟ್ಟು ಬಂತು." ನಿದ್ದೆ ಬಂತು, ನೆನಪು ಬಂತು, ಬೇಜಾರಾಯಿತು. ಸಿಟ್ಟು ಎಲ್ಲಿಂದಲೋ ಬರುತ್ತದೆ, ಸ್ವಲ್ಪ ಹೊತ್ತು ಕೂರುತ್ತದೆ, ಎದ್ದು ಹೋಗುತ್ತದೆ. ನಾನು ಬೇರೆ, ನನ್ನ ಸಿಟ್ಟು ಬೇರೆ. ಭಾಷೆಯೇ ನಮಗೆ ಆ ಅನುಕೂಲ ಕೊಟ್ಟಿದೆ. ಆದರೆ ಸೊಸೆಗೆ ಸಿಟ್ಟು ಬಂದರೆ? "ಅಕಿ ಸಿಟ್ಟಿನಾಕಿ." ಮೈದುನ ಸಾಲ ಮಾಡಿದರೆ? "ಅಂವ ಸಾಲಗಾರ." ನನ್ನ ವಿಷಯಕ್ಕೆ ಬಂದು ಹೋಗುವ ಮಾತು, ಬೇರೆಯವರ ವಿಷಯಕ್ಕೆ ಹಚ್ಚೆ ಹಾಕಿದ ಹೆಸರು. ನಿಮ್ಮ ಮನೆಯಲ್ಲಿ ನಾಳೆ ಒಂದು ದಿನ ಕಿವಿಗೊಟ್ಟು ಕೇಳಿ, ಗೊತ್ತಾಗುತ್ತದೆ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮೈಕೆಲ್ ವೈಟ್ ಎಂಬುವರು ಇದ್ದರು, 2008ರಲ್ಲಿ ತೀರಿಕೊಂಡರು. ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಜೊತೆ ಸೇರಿ ಕಥನ ಚಿಕಿತ್ಸೆ ಅನ್ನುವುದನ್ನು ಕಟ್ಟಿದರು. ಅವರ ಬುಡದ ಮಾತು ಇಷ್ಟೇ: ಮನುಷ್ಯ ಸಮಸ್ಯೆ ಅಲ್ಲ, ಸಮಸ್ಯೆಯೇ ಸಮಸ್ಯೆ. ಅವರ ಹತ್ತಿರ ಒಬ್ಬ ಸಣ್ಣ ಹುಡುಗ ಬಂದಿದ್ದ, ಚಡ್ಡಿಯಲ್ಲೇ ಎರಡಕ್ಕೆ ಹೋಗುವ ತೊಂದರೆ. ಮನೆಯವರೆಲ್ಲ ನಾಚಿಕೆಯಿಂದ ಕುಗ್ಗಿದ್ದರು. ಆ ತೊಂದರೆಗೇ ಒಂದು ಹೆಸರಿಟ್ಟರು, ನಮ್ಮ ಭಾಷೆಯಲ್ಲಿ "ಕಳ್ಳ ಕಕ್ಕ" ಅನ್ನಬಹುದು. ಕಳ್ಳ ಕಕ್ಕ ನಿನಗೆ ಯಾವಾಗ ಮೋಸ ಮಾಡಿತು? ನೀನು ಅದನ್ನು ಯಾವಾಗ ಸೋಲಿಸಿದೆ? ಆಗ ಅವ್ವ, ಅಪ್ಪ, ಹುಡುಗ ಒಂದು ಕಡೆ, ಕಳ್ಳ ಕಕ್ಕ ಇನ್ನೊಂದು ಕಡೆ. ಮೊದಲು ಹುಡುಗ ಒಂದು ಕಡೆ, ಮಿಕ್ಕವರು ಇನ್ನೊಂದು ಕಡೆ ಇದ್ದರು.

ಇದನ್ನು ನಮ್ಮ ಕಡೆ ಹೇಗೆ ಮಾಡಿದೆ ಅಂತ ಹೇಳುತ್ತೇನೆ. ಒಂದು ಮನೆಯಲ್ಲಿ ಸೊಸೆಗೆ "ಸಿಟ್ಟಿನಾಕಿ" ಅಂತ ಹೆಸರು ಬಿದ್ದು ಆರು ವರ್ಷ. ನಾನು ಮನೆಯವರಿಗೆಲ್ಲ ಒಂದೇ ನೇಮ ಹಾಕಿದೆ. "ಅಕಿ ಸಿಟ್ಟಿನಾಕಿ" ಅನ್ನಬಾರದು, "ಅಕಿಗೆ ಸಿಟ್ಟು ಬಂತು" ಅನ್ನಬೇಕು. ಯಾವಾಗ ಬಂತು ಅಂತ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕು. ಗೀಟು ಹಾಕುವ ಕೆಲಸ ಅತ್ತೆಯದು. ಅತ್ತೆಗೆ ಉತ್ಸಾಹವೋ ಉತ್ಸಾಹ, ಪೆನ್ನು ಸೆರಗಿಗೆ ಕಟ್ಟಿಕೊಂಡೇ ತಿರುಗಿದರಂತೆ. ತಿಂಗಳಾದ ಮೇಲೆ ಕ್ಯಾಲೆಂಡರ್ ತಂದರು. ನೋಡಿದರೆ ಗೀಟುಗಳು ಗುಂಪು ಗುಂಪಾಗಿ ಬಿದ್ದಿವೆ, ನಡುವೆ ನಾಲ್ಕೈದು ದಿನ ಖಾಲಿ. ಅತ್ತೆಯೇ ಬೆರಳಿಟ್ಟು ಹೇಳಿದರು: "ಇವು ನಳದಾಗ ನೀರ ಬಂದ ಮರುದಿನ ಅಲ್ಲೇನ್ರಿ?" ಅವರ ಊರಿನಲ್ಲಿ ನಳದ ನೀರು ಬರುವುದು ರಾತ್ರಿ ಎರಡು ಗಂಟೆಗೆ. ಎದ್ದು ತುಂಬುವವಳು ಸೊಸೆ. ಐದಕ್ಕೆ ರೊಟ್ಟಿ ಬಡಿಯುವವಳೂ ಸೊಸೆ. ಆಮೇಲೆ ನಾನು ಮಾಡಿದ್ದು ಏನೂ ಇಲ್ಲ. ಈಗ ಮಗ ಎದ್ದು ಪೈಪ್ ಹಿಡಿಯುತ್ತಾನೆ, ಗೊಣಗುತ್ತ. ಆರು ವರ್ಷದ ಹೆಸರು ಒಂದೇ ತಿಂಗಳಲ್ಲಿ ಅಳಿಸಲ್ಲ, ಓಣಿಯಲ್ಲಿ ಅದು ಇನ್ನೂ ಓಡಾಡುತ್ತಿದೆ. ಆದರೆ ಅತ್ತೆ ಈಗ ಓಣಿಯವರಿಗೆ, "ನಿದ್ದಿಗೆಟ್ರ ನಿನಗ ಬರಂಗಿಲ್ಲೇನ ಸಿಟ್ಟು?" ಅಂತ ಕೇಳುತ್ತಾರೆ.

ಈ ಕೆಲಸದಲ್ಲಿ ಇನ್ನೊಂದು ಸಾಧನ ವಂಶದ ಚಿತ್ರ. ಜೀನೋಗ್ರಾಂ ಅನ್ನುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮೂರು ತಲೆಮಾರು. ಜಗಳ ಇದ್ದಲ್ಲಿ ಅಂಕುಡೊಂಕು ಗೆರೆ, ಮಾತು ಬಿಟ್ಟಲ್ಲಿ ತುಂಡಾದ ಗೆರೆ. ಬೋವೆನ್ ಬಳಸುತ್ತಿದ್ದದ್ದನ್ನು ಮೋನಿಕಾ ಮೆಕ್‌ಗೋಲ್ಡ್ರಿಕ್ ಮತ್ತು ರ‍್ಯಾಂಡಿ ಗೆರ್ಸನ್ 1985ರಲ್ಲಿ ಒಂದು ಕ್ರಮಕ್ಕೆ ತಂದರು. ಇದನ್ನು ತರಬೇತಿಯಲ್ಲಿ ಮೊದಲ ಸಲ ಕಲಿತಾಗ ನನಗೆ ನಗು ಬಂತು. ನಮ್ಮಲ್ಲಿ ಹೆಳವರು ಇದ್ದಾರಲ್ಲ! ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ನಮ್ಮ ಮನೆತನ ಎಲ್ಲಿಂದ ಬಂತು, ಮುತ್ಯಾನ ಮುತ್ಯಾ ಯಾರು, ಯಾರು ಯಾರಿಂದ ಬೇರೆಯಾದರು ಅಂತ ಒಂದೇ ಉಸಿರಿನಲ್ಲಿ ಹೇಳಿ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದರು. ನಾನು ಸಣ್ಣವಳಿದ್ದಾಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಒಂದೇ ಬೇಜಾರು. ನಮ್ಮ ಮನೆಗೆ ಬರುತ್ತಿದ್ದವರ ಬಾಯಲ್ಲಿ ಗಂಡುಮಕ್ಕಳ ಹೆಸರೇ ಜಾಸ್ತಿ ಕೇಳುತ್ತಿತ್ತು. ನಮ್ಮ ಆಯಿ ಒಮ್ಮೆ ಒಳಗಿನಿಂದ, "ಇಷ್ಟ ಗಂಡಸರನ ಯಾರ ಹಡದ್ರಂತ, ಕೇಳ್ರಿ ಅವರನ್ನ" ಅಂದಿದ್ದಳು.

ಹಳ್ಳಿಯವರ ಮುಂದೆ ನಾನು ಪೆನ್ನು ಕಾಗದ ತೆಗೆಯಲ್ಲ. ಪೆನ್ನು ಕಂಡರೆ ತಲಾಟಿ ಬಂದ ಹಾಗೆ ಹೆದರುತ್ತಾರೆ. ಚಾಪೆ ಹಾಸಿ ಶೇಂಗಾ, ಕಡಲೆ ಇಡುತ್ತೇನೆ. ಗಂಡಸರು ಶೇಂಗಾ, ಹೆಂಗಸರು ಕಡಲೆ. ಯಾರು ಯಾರಿಗೆ ಹತ್ತಿರ, ಯಾರು ದೂರ, ನೀವೇ ಇಟ್ಟು ತೋರಿಸಿ ಅನ್ನುತ್ತೇನೆ. ಮಾತಿನಲ್ಲಿ ಬಾರದ್ದು ಕಾಳಿನಲ್ಲಿ ಬರುತ್ತದೆ. ಒಬ್ಬ ಯಜಮಾನರು ತಮ್ಮ ಶೇಂಗಾವನ್ನು ಚಾಪೆಯ ಹೊರಗೆ ಇಟ್ಟು, ಮಾತಾಡುತ್ತ ಮಾತಾಡುತ್ತ ತಿಂದೇಬಿಟ್ಟರು. ಇರಲಿ.

ಈ ಕಾಳಿನ ಸುತ್ತ ನಡೆದ ಒಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀವೂ ಮುಳುಗಡೆಯ ಮಂದಿ. ಈ ನವನಗರ ಹುಟ್ಟಿದ್ದೇ ಮುಳುಗಡೆಯಿಂದ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ನಾಡಿಗೆ ಒಪ್ಪಿಸಿದ್ದು 2006ರಲ್ಲಿ. ನಡುವೆ 42 ವರ್ಷ. ಇವತ್ತು ಹೋಗತೈತಿ, ನಾಳೆ ಹೋಗತೈತಿ ಅಂತ ಕಾಯುವ ಊರಿನಲ್ಲಿ ಯಾರೂ ಮಾಳಿಗೆ ಸೋರಿದರೆ ದುರಸ್ತಿ ಮಾಡಿಸಲ್ಲ. ಸಂಬಂಧಗಳದ್ದೂ ಹಾಗೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಹೊಸ ಊರಿಗೆ ಹೋದ ಮೇಲೆ ನೋಡೋಣ, ಪರಿಹಾರ ಬಂದ ಮೇಲೆ ಮಾತಾಡೋಣ. ಈಗ ನೀರು ನಿಲ್ಲುವುದು 519.60 ಮೀಟರಿಗೆ. 524.256ಕ್ಕೆ ಏರಿಸಲು 2010ರಲ್ಲಿ ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ ಒಪ್ಪಿದ ಮೇಲೆ ಇನ್ನಷ್ಟು ಊರುಗಳು ಹಾಗೇ ಕಾಯುತ್ತ ಕೂತಿವೆ.

ಆ ಮನೆಯಿಂದ ಬಂದದ್ದು ಅಣ್ಣ, ತಮ್ಮ, ಅವರ ಅಕ್ಕ, ಎಪ್ಪತ್ತೆಂಟರ ಅವ್ವ. ಅವ್ವ ಸರಿಯಾಗಿ ಉಣ್ಣುತ್ತಿಲ್ಲ ಅನ್ನುವುದು ದೂರು. ಅಣ್ಣ ತಮ್ಮ ಮಾತು ಬಿಟ್ಟು ಹದಿನಾಲ್ಕು ವರ್ಷ. ಪರಿಹಾರದ ಹಣದಲ್ಲಿ ಮೋಸ ಆಯಿತು ಅಂತ ಇಬ್ಬರೂ ಹೇಳುತ್ತಾರೆ, ಮೋಸಗಾರ ಮಾತ್ರ ಇವನ ಬಾಯಲ್ಲಿ ಅವನು, ಅವನ ಬಾಯಲ್ಲಿ ಇವನು. ಅವ್ವ ಒಂದು ತಿಂಗಳು ಇವನ ಮನೆ, ಒಂದು ತಿಂಗಳು ಅವನ ಮನೆ. ಒಂದನೇ ತಾರೀಖಿಗೆ ಅವಳ ಗಂಟು ಹೊರಡುತ್ತದೆ. ಚಾಪೆ ಹಾಸಿದೆ. ಅಣ್ಣ ತನ್ನ ಶೇಂಗಾ ಇಟ್ಟ, ತಮ್ಮ ಇನ್ನೊಂದು ತುದಿಯಲ್ಲಿ ಇಟ್ಟ. ಅಕ್ಕ ತನ್ನ ಕಡಲೆಯನ್ನು ಚಾಪೆಯ ಅಂಚಿಗೆ ಇಟ್ಟಳು. ಅವ್ವನ ಕೈಗೆ ಒಂದು ಕಡಲೆ ಕೊಟ್ಟು, "ನಿಮ್ಮನ್ನ ನೀವು ಎಲ್ಲಿ ಇಡ್ತೀರಿ ಯಮ್ಮಾ?" ಅಂದೆ. ಅವಳು ಎಲ್ಲೂ ಇಡಲಿಲ್ಲ. ಮುಷ್ಟಿ ಮುಚ್ಚಿಕೊಂಡು ಕೂತಳು.

ಅಣ್ಣನ ಕಥೆ ಕೇಳಿದೆ, ತಮ್ಮನ ಕಥೆ ಕೇಳಿದೆ. ಎರಡೂ ಉರು ಹೊಡೆದ ಹಾಗೆ ಬಂದವು. ಹದಿನಾಲ್ಕು ವರ್ಷ ಹೇಳಿ ಹೇಳಿ ಸವೆದ ಕಥೆಗಳು. ಅಕ್ಕನ ಕಡೆ ತಿರುಗಿದೆ. "ನನ್ನದೇನೈತ್ರಿ" ಅಂದಳು. ಮನೆ ಬಿಟ್ಟ ದಿನ ಏನಾಯಿತು, ಅದನ್ನಷ್ಟೇ ಹೇಳಿ ಅಂದೆ.

ಅವಳು ಹೇಳಿದಳು. ಆ ದಿನ ಟ್ರ್ಯಾಕ್ಟರ್ ಬಂದಿತ್ತು. ತೊಲೆ, ಜಂತಿ ಎಲ್ಲ ಬಿಚ್ಚಿ ಹೇರಿದರು. ಕೊನೆಗೆ ತಲಬಾಗಿಲ ಕದ. ಸಾಗವಾನಿ ಕದ, ಒಬ್ಬರ ಕೈಲಿ ಆಗುವುದಲ್ಲ. ಅಪ್ಪ ನಿಂತು ನೋಡುತ್ತಿದ್ದ, ಅಣ್ಣ ತಮ್ಮ ಇಬ್ಬರೂ ಆಚೆ ಈಚೆ ಹಿಡಿದು ಎತ್ತಿದರು. ಟ್ರೇಲರ್ ತುಂಬಿತ್ತು. ಅಪ್ಪ ಅದನ್ನು ಅಕ್ಕನ ಗಂಡನ ಊರಿಗೆ ಕಳಿಸಿದ, ಮನೆ ಕಟ್ಟಿದ ಮೇಲೆ ಒಯ್ದರಾಯಿತು ಅಂತ. ಹೊಸ ಮನೆ ಕಟ್ಟುವ ಮೊದಲೇ ಅಪ್ಪ ಹೋದ. ಎರಡು ಮನೆ ಆದವು. ಎರಡಕ್ಕೂ ಕಬ್ಬಿಣದ ಬಾಗಿಲು. ಕದ ಈಗಲೂ ಅಕ್ಕನ ಹಿತ್ತಲಿನಲ್ಲಿದೆ, ತಗಡಿನ ಕೆಳಗೆ.

ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ತಲೆ ಎತ್ತಿದರು. ಕದವನ್ನು ಇವನು ಮಾರಿಕೊಂಡ ಅಂತ ಅವನು, ಅವನು ಮಾರಿಕೊಂಡ ಅಂತ ಇವನು ಇಷ್ಟು ವರ್ಷ ನಂಬಿದ್ದರು. ಅಕ್ಕನನ್ನು ಯಾರೂ ಕೇಳಿರಲಿಲ್ಲ.

ಅವ್ವ ಆಗ ಬಾಯಿ ಬಿಟ್ಟಳು. ಮಗಳಿಗೆ ಕೇಳಿದಳು: "ಕದಕ್ಕ ಎಣ್ಣಿ ಹಚ್ಚೀಯೇನ?" "ವರ್ಷಾ ದೀಪಾವಳಿಗೆ ಹಚ್ಚತೇನಿ ಯವ್ವಾ." ಅವ್ವ ಮುಷ್ಟಿ ತೆರೆದು ಕಡಲೆಯನ್ನು ಮಗಳ ಕಡಲೆಯ ಪಕ್ಕ ಇಟ್ಟಳು.

ಇಲ್ಲಿಗೆ ಅಣ್ಣ ತಮ್ಮ ತಬ್ಬಿಕೊಂಡು ಅತ್ತರು ಅಂತ ಹೇಳಿದರೆ ನಿಮಗೆ ಚಲೋ ಅನ್ನಿಸುತ್ತಿತ್ತು. ಹಾಗಾಗಲಿಲ್ಲ. ಕದ ಯಾರು ಒಯ್ಯಬೇಕು ಅಂತ ಅಲ್ಲೇ ಹೊಸ ಜಗಳ ಶುರುವಾಯಿತು. ಆದರೆ ಗಮನಿಸಿ, ಹದಿನಾಲ್ಕು ವರ್ಷದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಜಗಳ ಮಾಡಿದರು. ನಾನು ಸುಮ್ನೆ ಕೂತೆ. ಅಕ್ಕನೇ ನಿಲ್ಲಿಸಿದಳು: "ಪರಿಹಾರದ ಕಾಗದಕ್ಕ ಸಹಿ ಹಾಕಸ್ಕೊಂಡ ದಿನಾ ನನಗ ಯಾರೂ ಏನೂ ಕೇಳಲಿಲ್ಲ. ಕದಾ ಆದ್ರೂ ನನ್ನ ಕಡೆ ಇರ್ಲಿ." ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ 2005ರಲ್ಲಿ ದೇಶಕ್ಕೆಲ್ಲ ಕಾಯ್ದೆ ತಿದ್ದುಪಡಿಯಾಗಿದೆ. ಆ ಮನೆಯಲ್ಲಿ ಆ ಮಾತು ಮೊದಲ ಸಲ ಗಟ್ಟಿಯಾಗಿ ಬಂದದ್ದು ಒಂದು ಕದದ ನೆಪದಲ್ಲಿ. ಇವತ್ತಿಗೂ ಅಣ್ಣ ತಮ್ಮ ಮಾತಾಡುವುದು ಕಡಿಮೆ. ಅವ್ವ ಉಣ್ಣುತ್ತಾಳೆ, ಆದರೆ ಹೆಚ್ಚು ದಿನ ಮಗಳ ಮನೆಯಲ್ಲೇ. ಕದ ಅಲ್ಲೇ ಇದೆ.

ನಮ್ಮ ಅಜ್ಜಿಯರು ಹೇಳುವ ಒಂದು ಕಥೆ ನಿಮಗೆ ಗೊತ್ತಿರಬಹುದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿ ಕಥೆಯೂ ಹಾಡೂ ಅವಳು ಮಲಗಿದಾಗ ಬಾಯಿಂದ ಹೊರಗೆ ಬಂದವು. ಕಥೆ ಕಾಲಿನ ಜೋಡು ಆಗಿ ಬಾಗಿಲಲ್ಲಿ ಕೂತಿತು, ಹಾಡು ಅಂಗಿಯಾಗಿ ಗೂಟಕ್ಕೆ ನೇತುಬಿದ್ದಿತು. ಗಂಡ ಬಂದು ನೋಡಿ, ಯಾರದಿದು, ಯಾರು ಬಂದಿದ್ದರು ಅಂತ ಜಗಳ ತೆಗೆದ. ಅವಳಿಗೆ ಗೊತ್ತಿಲ್ಲ. ಸಿಟ್ಟು ಮಾಡಿಕೊಂಡು ಹನುಮಪ್ಪನ ಗುಡಿಗೆ ಮಲಗಲು ಹೋದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಗುಡಿಗೆ ಬಂದು ಹರಟುತ್ತವೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳಿತು. ಗಂಡನ ಸಂಶಯ ಹೋಯಿತು. ಎಲ್ಲರೂ ಇಲ್ಲಿಗೆ ನಿಲ್ಲಿಸಿ, ನೋಡಿ ಕಥೆ ಹೇಳಬೇಕು ಅನ್ನುತ್ತಾರೆ. ಆದರೆ ಕಥೆಗೆ ಇನ್ನೊಂದು ತುಣುಕು ಇದೆ. ಗಂಡ ಮನೆಗೆ ಬಂದು ಆ ಕಥೆ ಯಾವುದು ಅಂತ ಕೇಳಿದ. ಅವಳಿಗೆ ಮರೆತೇ ಹೋಗಿತ್ತು. ನನಗೆ ಈ ತುಣುಕು ನಿದ್ದೆಗೆಡಿಸುತ್ತದೆ. ಕದದ ಮನೆಯ ಅಕ್ಕ ಇನ್ನು ಹತ್ತು ವರ್ಷ ಬಿಟ್ಟು ಬಂದಿದ್ದರೆ?

ಇನ್ನು ಎಚ್ಚರಿಕೆಯ ಮಾತು, ಬೇಗ ಹೇಳಿಬಿಡುತ್ತೇನೆ. ಹೊಡೆತ ಬಡಿತ ಇರುವ ಮನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕಥೆ ಕೇಳಬಾರದು. ಅವಳು ಅಲ್ಲಿ ಖರೇ ಹೇಳಿದರೆ ಮನೆಗೆ ಹೋದ ಮೇಲೆ ಹೊಡೆತ ಬೀಳುತ್ತದೆ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಎರಡನೆಯದು, ದೊಡ್ಡ ಮಾನಸಿಕ ಕಾಯಿಲೆಗಳು ಮನೆಯವರ ಮಾತಿನಿಂದ ಹುಟ್ಟುವುದಿಲ್ಲ. ಒಂದು ಕಾಲದಲ್ಲಿ ಸ್ಕಿಜೋಫ್ರೇನಿಯಾಕ್ಕೆ ತಾಯಂದಿರೇ ಕಾರಣ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಬರೆದರು. ಅದು ತಪ್ಪು. ಎಷ್ಟು ತಾಯಂದಿರು ಆ ಮಾತು ಹೊತ್ತುಕೊಂಡು ಸತ್ತರೋ. ಗುಳಿಗೆ ಬೇಕಾದವರಿಗೆ ಗುಳಿಗೆ ಬೇಕು, ಮನೆಯ ಮಾತುಕತೆ ಅದರ ಜೊತೆಗೆ. ನಮ್ಮ ಕಡೆಯವರು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಕೇಳಿದರು, "ನಿಮ್ಮ ಮನ್ಯಾಗ ಹೆಂಗೈತ್ರಿ?" ಅಂತ. ಕೇಳಬೇಕಾದ ಪ್ರಶ್ನೆಯೇ. ಬೋವೆನ್ ಕೂಡ ಇದಕ್ಕೆ ಸಿಕ್ಕಿಕೊಂಡವರು. 1967ರಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡ ಸಭೆ. ಎಲ್ಲರೂ ಸಿದ್ಧಾಂತ ಹೇಳುತ್ತಾರೆ ಅಂತ ಕಾಯುತ್ತಿದ್ದಾಗ, ಅವರು ಎದ್ದು ತಮ್ಮ ಊರಿಗೆ ಹೋಗಿ ತಮ್ಮದೇ ಅವ್ವ, ಅಪ್ಪ, ಅಣ್ಣ ತಮ್ಮಂದಿರ ನಡುವೆ ತಾವು ಏನು ಮಾಡಿದರು ಅಂತ ಹೇಳಿದರು.

ನನ್ನದನ್ನೂ ಹೇಳುತ್ತೇನೆ. ನಮ್ಮ ಅವ್ವ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದಳು. ವಿಷಯ ಒಂದೇ, ವೈನಿ, ಅಂದರೆ ಅವಳ ಸೊಸೆ. ವೈನಿ ಸಾರಿಗೆ ಖಾರ ಹಾಕಲಿಲ್ಲ, ವೈನಿ ಮೊಬೈಲ್ ಬಿಡಲ್ಲ. ನಾನು ಹತ್ತು ವರ್ಷ ಹೂಂಗುಟ್ಟಿದೆ. ಊರಿಗೆಲ್ಲ ತ್ರಿಕೋನ ಬಿಡಿಸುವವಳು ನನ್ನ ಮನೆಯಲ್ಲಿ ಮೂರನೇ ಕಲ್ಲಾಗಿ ಕೂತಿದ್ದೆ. ವೈನಿಯ ಕಥೆ ಏನು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಹೋದ ವರ್ಷ ಧೈರ್ಯ ಮಾಡಿ, "ಅವ್ವಾ, ನನಗ ಹೇಳಬ್ಯಾಡ. ವೈನಿ ಅಲ್ಲೇ ಅಡಗಿಮನ್ಯಾಗ ಅದಾಳ, ಅಕಿಗೇ ಹೇಳು" ಅಂದೆ. ಅವ್ವ ಫೋನ್ ಇಟ್ಟಳು. ಮರುದಿನ ಏಳಕ್ಕೆ ಫೋನ್ ಬರಲಿಲ್ಲ. ಹದಿನೈದು ದಿನ ಬರಲಿಲ್ಲ. ನನಗೆ ಏಳು ಗಂಟೆ ಆದರೆ ಕೈ ನಡುಗುತ್ತಿತ್ತು, ನಿಜ ಹೇಳುತ್ತೇನೆ. ಗೆದ್ದೆ ಅಂದುಕೊಂಡೆ, ಸೋತೆ ಅಂದುಕೊಂಡೆ. ಹದಿನಾರನೆಯ ದಿನ ಏಳಕ್ಕೆ ಸರಿಯಾಗಿ ಫೋನ್ ಬಂತು. ಹಾರಿ ಎತ್ತಿಕೊಂಡೆ. ತಂಗಿ.

"ಅಕ್ಕಾ, ಅವ್ವ ಈಗ ದಿನಾ ನನಗ ಫೋನ್ ಮಾಡಾಕತ್ತಾಳ. ಏನಂದಿ ನೀ ಅಕಿಗೆ?"